ಪೆನೆಕ್ಸ್ ಜೊತೆ ಒಂಬತ್ತು ವರ್ಷ

ಒಂದು ರಿಫೈನರಿಯ ಐಸೊಮರೈಸೇಶನ್ ಯೂನಿಟ್‌ನಲ್ಲಿ, ಅಂದರೆ ಪೆಟ್ರೋಲ್‌ಗೆ ಹೋಗುವ ನೇರ ಸರಪಳಿಯ ಅಣುಗಳನ್ನು ಕವಲೊಡೆಸುವ ಘಟಕದಲ್ಲಿ, ಒಂಬತ್ತು ವರ್ಷ ಕಂಟ್ರೋಲ್ ಪ್ಯಾನಲ್ ನೋಡಿಕೊಂಡಿದ್ದೇನೆ. ನಮ್ಮದು ಪೆನೆಕ್ಸ್. ಯುಒಪಿ ಅನ್ನುವ ಅಮೆರಿಕದ ಕಂಪನಿಯ ಪ್ರಕ್ರಿಯೆ, 1958ರಿಂದ ನಡೆಯುತ್ತಿದೆ. ಹೊಸ ಯೂನಿಟ್‌ಗೆ ಇದನ್ನೇ ಹಾಕಬಹುದಾ ಅಂತ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದು ಮಾಡುವ ಕೆಲಸ ನೋಡಿ. ನಾರ್ಮಲ್ ಹೆಕ್ಸೇನ್ ಅಂದರೆ ಆರು ಕಾರ್ಬನ್ ಸಾಲಾಗಿ ನಿಂತ ಸರಪಳಿ. ಅದರ ಆಕ್ಟೇನ್ (ಬಡಿತ ತಡೆಯುವ ಶಕ್ತಿಯ ಅಳತೆ) ಸುಮಾರು 25, ಎಂಜಿನ್‌ನಲ್ಲಿ ಬರೀ ಬಡಿತ. ಅದೇ ಆರು ಕಾರ್ಬನ್ ಕವಲೊಡೆದು 2,2-ಡೈಮೀಥೈಲ್ ಬ್ಯೂಟೇನ್ ಆದರೆ ಸುಮಾರು 92. ಪೆಂಟೇನ್ 62, ಐಸೊಪೆಂಟೇನ್ 92. ಅಣುವಿಗೆ ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ, ಜೋಡಣೆ ಮಾತ್ರ ಬೇರೆ. ಇಷ್ಟು ವರ್ಷವಾದರೂ ಲ್ಯಾಬ್ ರಿಪೋರ್ಟ್ ನೋಡಿದಾಗ ನನಗೆ ಖುಷಿಯಾಗುತ್ತದೆ. ನಮ್ಮ ಲೈಟ್ ನಾಫ್ತಾ (ಇಂಥ ಐದಾರು ಕಾರ್ಬನ್‌ಗಳ ಅಣುಗಳ ಹಗುರ ಎಣ್ಣೆ) ಆಕ್ಟೇನ್ 68ರ ಆಸುಪಾಸಿನಲ್ಲಿ ಒಳಗೆ ಹೋಗಿ 83ರಲ್ಲಿ ಹೊರಗೆ ಬರುತ್ತಿತ್ತು. ಕವಲೊಡೆಯದೆ ಉಳಿದದ್ದನ್ನು ಬೇರ್ಪಡಿಸಿ ವಾಪಸ್ ಕಳಿಸುವ ಕಾಲಮ್ ಹಾಕಿದ ಮೇಲೆ 87 ಮುಟ್ಟಿತು.

ಬಿಸಿ ಜಾಸ್ತಿ ಮಾಡಿದರೆ ಕವಲು ಜಾಸ್ತಿ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಇಲ್ಲಿ ಉಲ್ಟಾ. ತಂಪಾಗಿದ್ದಷ್ಟೂ ಸಮತೋಲ ಕವಲಿನ ಕಡೆ ವಾಲುತ್ತದೆ. ಕ್ಲೋರೈಡ್ ಹಿಡಿಸಿದ ಅಲ್ಯೂಮಿನಾ, ಅದರ ಮೇಲೆ ಪ್ಲಾಟಿನಂ. ಈ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) 120ರಿಂದ 180 ಡಿಗ್ರಿಯಲ್ಲೇ ಕೆಲಸ ಮಾಡುತ್ತದೆ. ಇನ್ನೊಂದು ಬಗೆಯ ಕ್ಯಾಟಲಿಸ್ಟ್ ಆದ ಜಿಯೋಲೈಟ್‌ಗೆ ಸುಮಾರು 250 ಬೇಕು. ಪೆನೆಕ್ಸ್ ಗೆಲ್ಲುವುದೇ ಇಲ್ಲಿ. ಇದಲ್ಲದೆ ನಮ್ಮ ದೇಶದ ಪೆಟ್ರೋಲ್‌ನಲ್ಲಿ ಬೆಂಜೀನ್ ಶೇಕಡಾ 1 ದಾಟುವ ಹಾಗಿಲ್ಲ. ನಮ್ಮ ಮಾಲಿನಲ್ಲಿ ಬೆಂಜೀನ್ ಹೆಚ್ಚುಕಡಿಮೆ ಇರುವುದೇ ಇಲ್ಲ.

ಇನ್ನು ಕಷ್ಟದ ವಿಷಯ. ನೀರು ಈ ಕ್ಯಾಟಲಿಸ್ಟ್‌ಗೆ ವಿಷ, ಅದರಲ್ಲಿರುವ ಆಕ್ಸಿಜನ್ ಕಾರಣ. ಒಂದು ಕೆಜಿ ಆಕ್ಸಿಜನ್ ಒಳಗೆ ಹೋದರೆ ನೂರು ಕೆಜಿ ಕ್ಯಾಟಲಿಸ್ಟ್ ಸಾಯುತ್ತದೆ ಅಂತ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ಒಂದು ಮಳೆಗಾಲದ ರಾತ್ರಿ ಅದನ್ನು ಕಣ್ಣಾರೆ ನೋಡಿದೆ. ನೀರು ಹೀರುವ ಒಂದು ಡ್ರೈಯರ್ ರೀಜನರೇಶನ್‌ನಲ್ಲಿತ್ತು, ಅಂದರೆ ಹೀರಿದ ನೀರನ್ನು ಬಿಡಿಸಿಕೊಳ್ಳುತ್ತಿತ್ತು; ಅದರ ವಾಲ್ವ್ ಸರಿಯಾಗಿ ಮುಚ್ಚದೆ ಸೋರುತ್ತಿತ್ತು. ಮೊದಲ ರಿಯಾಕ್ಟರಿನ ಮೇಲ್ಭಾಗ ತಣ್ಣಗಾಗುತ್ತಾ ಬಂತು, ಬಿಸಿ ಕೆಳಗೆ ಸರಿಯಿತು. ಬೆಳಗ್ಗೆ ಹೊತ್ತಿಗೆ ಒಂದು ಥರ್ಮೋಕಪಲ್‌ನಿಂದ (ಬಿಸಿ ಅಳೆಯುವ ಸಾಧನ) ಇನ್ನೊಂದರವರೆಗಿನಷ್ಟು ಕ್ಯಾಟಲಿಸ್ಟ್ ಬೆಡ್ ಸತ್ತುಹೋಗಿತ್ತು. ಕ್ಯಾಟಲಿಸ್ಟ್‌ಗೆ ಕ್ಲೋರೈಡ್ ತುಂಬಿಕೊಡುವ ಪರ್‌ಕ್ಲೋರೋಎಥಿಲೀನ್ ಎಷ್ಟು ಹಾಕಿದರೂ ಆ ಭಾಗ ಮತ್ತೆ ಜೀವ ಹಿಡಿಯಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಯಿತು. ಎರಡು ರಿಯಾಕ್ಟರ್ ಸಾಲಾಗಿ ಇದ್ದದ್ದರಿಂದ ಯೂನಿಟ್ ನಿಲ್ಲಲಿಲ್ಲ. ಎರಡನೆಯದು ಭಾರ ಹೊತ್ತುಕೊಂಡಿತು.

ಆ ಪರ್‌ಕ್ಲೋರೋಎಥಿಲೀನನ್ನು ದಿನವೂ ಹನಿಹನಿಯಾಗಿ ಹಾಕುತ್ತಲೇ ಇರಬೇಕು. ಅದರಿಂದ ಹೊರಬರುವ ಗ್ಯಾಸ್‌ನಲ್ಲಿ ಎಚ್‌ಸಿಎಲ್ ಆಮ್ಲ ಇರುತ್ತದೆ, ಅದನ್ನು ಕಾಸ್ಟಿಕ್ ಸ್ಕ್ರಬ್ಬರ್‌ನಲ್ಲಿ, ಅಂದರೆ ಕ್ಷಾರದ ನೀರಿನಲ್ಲಿ, ತೊಳೆಯಬೇಕು. ಆ ಸ್ಕ್ರಬ್ಬರ್‌ನ ಕೆಲಸ ಯಾರಿಗೂ ಇಷ್ಟವಿಲ್ಲ.

ಹಾಗಾದರೆ ಹಾಕಬಹುದಾ? ಫೀಡ್ (ಒಳಗೆ ಹೋಗುವ ನಾಫ್ತಾ) ಚೊಕ್ಕವಾಗಿ ಬರುತ್ತದೆ, ಡ್ರೈಯರ್ ಮೇಂಟೆನೆನ್ಸ್‌ಗೆ ಮ್ಯಾನೇಜ್‌ಮೆಂಟ್ ದುಡ್ಡು ಕೊಡುತ್ತದೆ ಅಂದರೆ ಕಣ್ಣುಮುಚ್ಚಿ ಹಾಕಿ. ಇಲ್ಲವಾದರೆ ಸಲ್ಫೇಟೆಡ್ ಜಿರ್ಕೋನಿಯಾ ಅನ್ನುವ ಬೇರೆ ಕ್ಯಾಟಲಿಸ್ಟ್ ನೋಡಿ. ಆಕ್ಟೇನ್ ಒಂದೆರಡು ಪಾಯಿಂಟ್ ಕಡಿಮೆ ಬರಬಹುದು. ಆದರೆ ಒದ್ದೆಯಾದರೆ ಒಣಗಿಸಿ ಮತ್ತೆ ಓಡಿಸಬಹುದು. ಪೆನೆಕ್ಸೇ ಬೇಕು ಅಂದರೆ ತೇವಾಂಶದ ಅನಲೈಸರ್ ಎರಡು ತರಿಸಿ. ನಮ್ಮಲ್ಲಿ ಆ ರಾತ್ರಿ ಇದ್ದದ್ದು ಒಂದೇ.