ಆರ್‌ಎಕ್ಸ್-8, ರೋಡ್‌ಸ್ಟರ್, ಜಿಆರ್86, ಎಂಎಕ್ಸ್-30: ರೋಟರಿ ಬಿಟ್ಟುಹೋದ ಜಾಗಕ್ಕೆ ಯಾರು?

ಪಿಸ್ಟನ್ ಬದಲು ತ್ರಿಕೋನದಂಥ ರೋಟರ್ ಸುತ್ತುವ ರೋಟರಿ ಎಂಜಿನ್ ಬಗ್ಗೆ ಮಾತಾಡುವವರಲ್ಲಿ ಎರಡು ಪಂಗಡ. ಒಂದಕ್ಕೆ ಅದು ದೇವರು. ಇನ್ನೊಂದಕ್ಕೆ ಅದು ಪೆಟ್ರೋಲ್ ಕುಡಿದು, ಆಯಿಲ್ ಸುಟ್ಟು, ಕೊನೆಗೆ ಕೈಕೊಡುವ ತಲೆನೋವು. ಇಬ್ಬರೂ ಹೇಳುವುದು ನಿಜವೇ. ಜಪಾನಿನಲ್ಲಿ ಕೆಲಸಕ್ಕಿರುವ ನನಗೆ ಇದನ್ನು ಓಡಿಸಿಯೇ ನೋಡುವ ಅನುಕೂಲ ಇದೆ. ಇಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಸ್ಟಿಯರಿಂಗ್ ಬಲಗಡೆ, ರಸ್ತೆಯಲ್ಲಿ ಎಡಗಡೆ, ಎಲ್ಲಾ ನಮ್ಮೂರಿನ ಹಾಗೇ. ಪ್ರವಾಸಕ್ಕೆ ಬಂದವರೂ ಊರಿನ ಆರ್‌ಟಿಓ ಕೊಟ್ಟ ಅಂತರರಾಷ್ಟ್ರೀಯ ಪರ್ಮಿಟ್ ತೋರಿಸಿ ಓಡಿಸಬಹುದು.

ರೋಟರಿಯ ಆರ್‌ಎಕ್ಸ್-8, ಅದರ ಜಾಗಕ್ಕೆ ಬರಬಹುದಾದ ಮೂರು ಕಾರು, ಎಲ್ಲವನ್ನೂ ಓಡಿಸಿದ್ದು ಒಂದೇ ರಸ್ತೆಯಲ್ಲಿ: ಒಡವಾರಾದಿಂದ ದೈಕಾನ್‌ಜಾನ್‌ಗೆ ಹತ್ತುವ ಹಕೊನೆ ಟರ್ನ್‌ಪೈಕ್. ಟೋಲ್ ಕಟ್ಟಿ ಹೋಗುವ ಘಾಟಿ. ಏರು ಬಿಡುವುದೇ ಇಲ್ಲ. ಇಳಿಯುವಾಗ ಬ್ರೇಕ್ ಹೋದರೆ ನುಗ್ಗಿಸಿ ನಿಲ್ಲಿಸಲು ಅಲ್ಲಲ್ಲಿ ಜಲ್ಲಿ ತುಂಬಿದ ಇಳಿಜಾರು ಬೇರೆ ಮಾಡಿಟ್ಟಿದ್ದಾರೆ. ಎಂಜಿನ್ನಿನ ಗುಣ, ಅವಗುಣ ಎರಡೂ ಇಲ್ಲಿ ಬೇಗ ಹೊರಗೆ ಬರುತ್ತವೆ.

ಮೊದಲು ಆರ್‌ಎಕ್ಸ್-8. ಮಜ್ದಾ ಇದನ್ನು 2003ರಿಂದ 2012ರವರೆಗೆ ಮಾಡಿತು. ನಾನು ಓಡಿಸಿದ್ದು ಆರು ಗೇರಿನ ಟೈಪ್ ಎಸ್. ಎರಡು ರೋಟರ್, 1,308 ಸಿಸಿ, ಟರ್ಬೊ ಇಲ್ಲ, 8,500 ಆರ್‌ಪಿಎಂನಲ್ಲಿ 250 ಪಿಎಸ್ (ಅಶ್ವಶಕ್ತಿ). ಕೀ ಕೊಡುವ ಮೊದಲು ಅಂಗಡಿಯವರು ಒಂದು ಪಾಠ ಮಾಡಿದರು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಎರಡು ಮೀಟರ್ ಸರಿಸಿ, ಆಫ್ ಮಾಡಬಾರದು. ಹಾಗೆ ಮಾಡಿದರೆ ಒಳಗೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ, ಮತ್ತೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ಡಿಕ್ಕಿಯಲ್ಲಿ ಒಂದು ಡಬ್ಬ ಎಂಜಿನ್ ಆಯಿಲ್ ಇತ್ತು. ಲೀಕ್ ಇದೆಯಾ ಅಂತ ಕೇಳಿದೆ. ಇಲ್ಲ, ಅದರ ಸ್ವಭಾವವೇ ಹಾಗೆ ಅಂದರು. ಸೀಲುಗಳು ಸವೆಯದಿರಲಿ ಅಂತ ಒಂದು ಪಂಪ್ ಸ್ವಲ್ಪ ಸ್ವಲ್ಪ ಆಯಿಲನ್ನು ಎಂಜಿನ್ ಒಳಗೇ ಬಿಡುತ್ತದೆ, ಅದು ಪೆಟ್ರೋಲ್ ಜೊತೆ ಸುಟ್ಟು ಹೋಗುತ್ತದೆ.

ಕೆಳಗಿನ ಆರ್‌ಪಿಎಂನಲ್ಲಿ ಈ ಎಂಜಿನ್‌ಗೆ ನಿದ್ದೆ. ಮೂರು ಸಾವಿರದಲ್ಲಿ ಕಾಲು ಒತ್ತಿದರೆ ಏನೂ ಆಗುವುದಿಲ್ಲ, ಒಂದು ಗೇರ್ ಇಳಿಸಲೇಬೇಕು. ಐದು ಸಾವಿರ ದಾಟಿದ ಮೇಲೆ ಬೇರೆಯೇ ಗಾಡಿ. ಏಳು ಸಾವಿರ, ಎಂಟು ಸಾವಿರ ಅಂತ ಸೂಜಿ ಓಡುತ್ತಲೇ ಇರುತ್ತದೆ, ಗೇರ್ ಲಿವರ್ ಮೇಲಿಟ್ಟ ಕೈಗೆ ಒಂದು ಚೂರೂ ನಡುಕ ಇಲ್ಲ. ಸದ್ದು ಮಿಕ್ಸಿಯನ್ನು ಮೂರಕ್ಕೆ ತಿರುಗಿಸಿದ ಹಾಗೆ ಏರುತ್ತದೆ. ಒಂಬತ್ತು ಸಾವಿರದ ಹತ್ತಿರ 'ಪೀಂ' ಅಂತ ಬೀಪ್ ಬರುತ್ತದೆ. ಅದು ಬೇಕೇ ಬೇಕು, ಯಾಕೆಂದರೆ ಇನ್ನು ಸಾಕು ಅಂತ ಈ ಎಂಜಿನ್ ತಾನಾಗಿ ಹೇಳುವುದೇ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗಿ, ಪ್ರತಿ ಸಲ ನಿಂತು ತಿರುಗಬೇಕು. ಉಬ್ಬಿದ ಬದಿಯ ತ್ರಿಕೋನದ ಹಾಗಿರುವ ರೋಟರ್ ಸುಮ್ನೆ ಸುತ್ತುತ್ತದೆ, ಅಷ್ಟೇ. ಅದು ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಅಂದರೆ ಮೀಟರಿನಲ್ಲಿ 9,000 ಇದ್ದಾಗ ರೋಟರ್ ತಿರುಗುವುದು 3,000 ಮಾತ್ರ.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಸದ್ದಲ್ಲ, ತಿರುವು. ಎಂಜಿನ್ ಚಿಕ್ಕದು. ಅದನ್ನು ಮುಂದಿನ ಚಕ್ರಗಳಿಗಿಂತ ಹಿಂದಕ್ಕೆ, ತುಂಬಾ ಕೆಳಗೆ ಕೂರಿಸಿದ್ದಾರೆ. ತೂಕ ಮುಂದೆ ಹಿಂದೆ ಸಮಪಾಲು. ನಾಲ್ಕು ಸೀಟಿನ, ನಾಲ್ಕು ಬಾಗಿಲಿನ ಗಾಡಿ ಇಷ್ಟು ಚುರುಕಾಗಿ ಮೂತಿ ತಿರುಗಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ರೋಟರಿ ಅಂದರೆ ಎಲ್ಲರೂ ಆರ್‌ಪಿಎಂ ಬಗ್ಗೆ ಮಾತಾಡುತ್ತಾರೆ. ಅದರ ನಿಜವಾದ ಕೊಡುಗೆ ಈ ಜಾಗದ ಉಳಿತಾಯ ಅನ್ನುವುದು ನನ್ನ ಲೆಕ್ಕ.

ಇಷ್ಟೆಲ್ಲಾ ಇದ್ದೂ ಸತ್ತಿದ್ದೇಕೆ? ಪೆಟ್ರೋಲ್ ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಗೋಡೆ ಜಾಸ್ತಿ, ಬಿಸಿ ಗೋಡೆಗೆ ಹೋಗುತ್ತದೆ, ಮೂಲೆಯಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಉಳಿಯುತ್ತದೆ. ಘಾಟಿಯಲ್ಲಿ ನನಗೆ ಲೀಟರಿಗೆ ಏಳು ಕಿಲೋಮೀಟರ್ ಸಿಕ್ಕಿದ್ದೇ ಹೆಚ್ಚು, ಅದೂ ದುಬಾರಿ ಹೈ ಆಕ್ಟೇನ್ ಪೆಟ್ರೋಲಿನಲ್ಲಿ. ರೋಟರಿನ ಮೂರು ಮೂಲೆಯ ಸೀಲುಗಳು ಗೋಡೆಯನ್ನು ಉಜ್ಜುತ್ತಲೇ ಇರಬೇಕು. 1960ರ ದಶಕದಲ್ಲಿ ಆ ಉಜ್ಜಾಟದ ಗೀರುಗಳನ್ನು ಮಜ್ದಾದವರು ದೆವ್ವದ ಉಗುರಿನ ಗುರುತು ಅನ್ನುತ್ತಿದ್ದರು. ಮಜ್ದಾ ಎಂಜಿನಿಯರ್ ಕೆನಿಚಿ ಯಮಮೊಟೊ ಅವರ ತಂಡ ಅದನ್ನು ಬಗೆಹರಿಸಿದ ಮೇಲೆಯೇ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಹೊರಬಂದದ್ದು. 1973ರ ತೈಲ ಬಿಕ್ಕಟ್ಟಿನ ಹೊಡೆತಕ್ಕೆ ಜನರಲ್ ಮೋಟರ್ಸ್, ಸಿಟ್ರೊಯೆನ್ ಎಲ್ಲಾ ಈ ಸಹವಾಸವೇ ಬೇಡ ಅಂದವು. ಮಜ್ದಾ ಮಾತ್ರ ಹಠ ಬಿಡಲಿಲ್ಲ, 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರಿನಲ್ಲಿ ಲೆ ಮಾನ್ಸ್ ರೇಸನ್ನೂ ಗೆದ್ದಿತು. ಕೊನೆಗೆ ಹೊಗೆಯ ನಿಯಮ ಹಿಡಿದು ಹಾಕಿತು. ಯೂರೋ 5 ದಾಟಲಾಗದೆ 2010ರಲ್ಲಿ ಯೂರೋಪಿನಲ್ಲಿ ಆರ್‌ಎಕ್ಸ್-8 ಮಾರಾಟ ನಿಂತಿತು, ಎರಡು ವರ್ಷದಲ್ಲಿ ಜಪಾನಿನಲ್ಲೂ ಮುಗಿಯಿತು. (ಬೈಕಿನವರಿಗೆ ಒಂದು ಮಾತು: ರೋಟರಿ ಬೈಕಿನಲ್ಲಿ 1992ರ ಐಲ್ ಆಫ್ ಮ್ಯಾನ್ ಸೀನಿಯರ್ ಟಿಟಿ ಗೆದ್ದ ನಾರ್ಟನ್ ಹೆಸರು 2020ರಿಂದ ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ಕೈಯಲ್ಲಿದೆ.)

ಆರ್‌ಎಕ್ಸ್-7 ಎಫ್‌ಡಿ, ಅಂದರೆ ಇದಕ್ಕೂ ಹಿಂದಿನ ಮಜ್ದಾ ರೋಟರಿ ಕಾರು, ಕೂಡ ಬಾಡಿಗೆಗೆ ಸಿಗುತ್ತದೆ. ಎರಡು ಟರ್ಬೊ, ನೋಡಲು ಇವತ್ತಿಗೂ ಅಷ್ಟೇ ಚೆಂದ. ಆದರೆ ಈಗ ಅದರ ಬೆಲೆ ಎಲ್ಲಿಗೋ ಹೋಗಿದೆ. ಎಲ್ಲಿ ತಾಗಿಬಿಡುತ್ತದೋ ಅನ್ನುವ ಭಯದಲ್ಲಿ ಓಡಿಸಿದ್ದನ್ನು ಓಡಿಸಿದ್ದು ಅನ್ನಲಾಗುವುದಿಲ್ಲ. ಹೋಲಿಕೆಯಿಂದ ಬಿಟ್ಟಿದ್ದೇನೆ.

ಇನ್ನು ಟೊಯೊಟಾದ ಜಿಆರ್86. 2.4 ಲೀಟರ್ ಬಾಕ್ಸರ್ ಎಂಜಿನ್ (ಸಿಲಿಂಡರುಗಳು ಎರಡೂ ಬದಿಗೆ ಮಲಗಿರುತ್ತವೆ), 235 ಪಿಎಸ್. ಕಾಗದದ ಮೇಲೆ ಇದೇ ಆರ್‌ಎಕ್ಸ್-8ರ ನೇರ ವಾರಸುದಾರ: ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ, ಹೆಸರಿಗೆ ನಾಲ್ಕು ಸೀಟು. ಏರಿನಲ್ಲಿ ಆರ್‌ಎಕ್ಸ್-8ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. 3,700ಕ್ಕೇ ಪೂರ್ತಿ ಟಾರ್ಕ್ (ಎಳೆಯುವ ಬಲ) ಸಿಗುವುದರಿಂದ ಗೇರ್ ಇಳಿಸುವ ಗೋಜೇ ಬೇಡ. ಎಂಜಿನ್ ಸದ್ದು ಮಾತ್ರ ಒರಟು, ಅದರಲ್ಲೂ ಒಂದಿಷ್ಟು ಸ್ಪೀಕರಿನಿಂದ ಬರುವುದು. ಒಳ್ಳೆಯ ಗಾಡಿ, ಅನುಮಾನವೇ ಇಲ್ಲ. ವಾಪಸ್ ಕೊಟ್ಟು ರೈಲು ಹತ್ತಿದ ಮೇಲೆ ಅದರ ನೆನಪು ಬರಲಿಲ್ಲ.

ರೋಡ್‌ಸ್ಟರ್ ನೆನಪು ಬಂತು. ಇದೂ ಮಜ್ದಾದ್ದೇ, ಜಪಾನಿನ ಹೊರಗಿನವರಿಗೆ ಇದು ಎಂಎಕ್ಸ್-5. ಜಪಾನಿನ ಬಟ್ಟೆ ಟಾಪ್ ಗಾಡಿಗೆ 1.5 ಲೀಟರ್ ಎಂಜಿನ್, ಶಕ್ತಿ ಆರ್‌ಎಕ್ಸ್-8ರ ಅರ್ಧದಷ್ಟು. ಟರ್ನ್‌ಪೈಕಿನ ಏರಿನಲ್ಲಿ ಉಸಿರು ಕಟ್ಟುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ 2015ರಲ್ಲಿ ಬಂದಾಗ ಇದರ ಎಸ್ ಗ್ರೇಡ್ ತೂಕ 990 ಕೆಜಿ. ತಿರುವಿಗೆ ಬಂದಾಗ ಸ್ಟಿಯರಿಂಗ್ ಅಲ್ಲ, ಸೊಂಟ ತಿರುಗಿಸಿದ ಹಾಗಿರುತ್ತದೆ. ಅಲ್ಲೇ ನನಗೆ ವಿಷಯ ಹೊಳೆದದ್ದು. ರೋಟರಿ ಎಂಜಿನ್ನಿನಿಂದ ಆರ್‌ಎಕ್ಸ್-8 ಪಡೆದಿದ್ದ ಹಗುರ ಮೂತಿಯನ್ನು, ಸಮತೂಕವನ್ನು ಮಜ್ದಾದವರು ಇಲ್ಲಿ ಸಾಮಾನ್ಯ ಪಿಸ್ಟನ್ ಎಂಜಿನ್ ಇಟ್ಟುಕೊಂಡೇ, ಒಂದೊಂದು ಗ್ರಾಂ ಉಳಿಸಿ, ಸಾಧಿಸಿದ್ದಾರೆ. ಪೆಟ್ರೋಲ್ ಖರ್ಚು ಆರ್‌ಎಕ್ಸ್-8ರ ಅರ್ಧದ ಹತ್ತಿರ. ಡಿಕ್ಕಿಯಲ್ಲಿ ಆಯಿಲ್ ಡಬ್ಬ ಬೇಡ, ಇಡಲು ಜಾಗವೂ ಇಲ್ಲ. ಆರಡಿ ಇದ್ದವರು ಮೊದಲು ಕೂತು ನೋಡಿ.

ಎಂಎಕ್ಸ್-30 ರೋಟರಿ-ಇವಿ ಮೇಲೆ ನನಗೆ ಕುತೂಹಲ ಜಾಸ್ತಿ ಇತ್ತು. ಹನ್ನೊಂದು ವರ್ಷದ ನಂತರ, 2023ರಲ್ಲಿ, ಮಜ್ದಾ ಮತ್ತೆ ರೋಟರಿ ಮಾಡಿದ್ದು ಇದಕ್ಕಾಗಿ. ಒಂದೇ ರೋಟರ್, 830 ಸಿಸಿ. ಅದು ಚಕ್ರ ತಿರುಗಿಸುವುದಿಲ್ಲ, 17.8 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಕರೆಂಟ್ ಮಾಡಿಕೊಡುತ್ತದೆ, ಅಷ್ಟೇ. ಓಡಿಸುವುದು ಮೋಟರ್. ಬ್ಯಾಟರಿ ಇರುವಷ್ಟು ಹೊತ್ತು ಸದ್ದಿಲ್ಲದ, ಸಮಾಧಾನದ ಗಾಡಿ. ಏರಿನ ಮಧ್ಯೆ ಎಂಜಿನ್ ಎದ್ದಿತು. ನನ್ನ ಕಾಲಿಗೂ ಅದರ ಸದ್ದಿಗೂ ಸಂಬಂಧ ಇಲ್ಲ. ಕಾಲು ತೆಗೆದರೂ ಗುಂಯ್ ಅನ್ನುತ್ತಲೇ ಇತ್ತು, ಪಕ್ಕದ ಮನೆಯ ಜನರೇಟರಿನ ಹಾಗೆ. ತೂಕ 1,780 ಕೆಜಿ. ಮನೆಗೆ ಚಾರ್ಜರ್ ಇದ್ದು, ದಿನಾ ಆಫೀಸಿಗೆ ಹೋಗುವವರಿಗೆ ಒಳ್ಳೆಯದೇ. ಆರ್‌ಎಕ್ಸ್-8 ಬೇಕು ಅಂದವರಿಗೆ ಇದನ್ನು ತೋರಿಸಬೇಡಿ.

ಹಾಗಾದರೆ ಮುಂದೆ? 2015ರಲ್ಲಿ ಮಜ್ದಾ ಮಾದರಿಯಾಗಿ ತೋರಿಸಿದ ಆರ್‌ಎಕ್ಸ್-ವಿಷನ್ ಎಲ್ಲರ ಬಾಯಲ್ಲಿ ನೀರೂರಿಸಿ ಪ್ರದರ್ಶನದಲ್ಲೇ ಉಳಿಯಿತು. 2023ರಲ್ಲಿ ಐಕಾನಿಕ್ ಎಸ್‌ಪಿ ತೋರಿಸಿದರು: ಎರಡು ರೋಟರ್ ಕರೆಂಟ್ ಮಾಡುತ್ತವೆ, 370 ಪಿಎಸ್, 1,450 ಕೆಜಿ. 2024ರ ಫೆಬ್ರವರಿಯಲ್ಲಿ ರೋಟರಿಗೇ ಅಂತ ಎಂಜಿನಿಯರುಗಳ ತಂಡ ಮತ್ತೆ ಕಟ್ಟಿದರು. 2025ರಲ್ಲಿ ವಿಷನ್ ಎಕ್ಸ್-ಕೂಪೆ ಬಂತು: ಟರ್ಬೊ ಇರುವ ಎರಡು ರೋಟರ್, ಜೊತೆಗೆ ಮೋಟರ್, ಒಟ್ಟು 510 ಪಿಎಸ್, ಬ್ಯಾಟರಿಯಲ್ಲೇ 160 ಕಿಲೋಮೀಟರ್. ಗೆಳೆಯರೆಲ್ಲ 510ಕ್ಕೆ ಕುಣಿದರು. ನನಗೆ ಆ 160 ಚುಚ್ಚಿತು. ಅಷ್ಟು ದೂರ ಹೋಗಲು ಎಷ್ಟು ಬ್ಯಾಟರಿ ಹೊರಬೇಕು! ಎಂಜಿನ್ ಚಿಕ್ಕದಾಗಿ ಉಳಿದ ಜಾಗವನ್ನೆಲ್ಲ ಬ್ಯಾಟರಿಗೆ ಕೊಟ್ಟರೆ ರೋಟರಿ ಇದ್ದು ಏನು ಲಾಭ? ಹಾಗಾಗಿ ನನ್ನ ಆಸೆ ಐಕಾನಿಕ್ ಎಸ್‌ಪಿ ಮೇಲೆ. ಎಂಜಿನ್ ಕಾಲಿಗೆ ಸಿಗದಿದ್ದರೂ ಮೂತಿಯಾದರೂ ಹಗುರ ಇರುತ್ತದೆ, ಅಲ್ವಾ?

ಅಲ್ಲಿಯವರೆಗೆ ಕೊಳ್ಳುವುದಾದರೆ ನಾನು ರೋಡ್‌ಸ್ಟರ್ ಕೊಳ್ಳುತ್ತೇನೆ, ಆರ್‌ಎಕ್ಸ್-8ನ್ನು ಆಸೆಯಾದಾಗ ಬಾಡಿಗೆಗೆ ತರುತ್ತೇನೆ. ಇಲ್ಲ, ನನಗೆ ಸ್ವಂತ ರೋಟರಿಯೇ ಬೇಕು ಅನ್ನುವವರು ಜಪಾನಿನ ಲೆಕ್ಕ ತಿಳಿದಿರಲಿ. ತೆರಿಗೆಗೆ ರೋಟರಿಯ ಸಿಸಿಯನ್ನು ಒಂದೂವರೆ ಪಟ್ಟು ಎಣಿಸುತ್ತಾರೆ, 1,308 ಅಲ್ಲ 1,962. ಹದಿಮೂರು ವರ್ಷ ದಾಟಿದ ಗಾಡಿಗೆ ಅದರ ಮೇಲೂ ಒಂದಿಷ್ಟು. ನೋಡಲು ಹೋದಾಗ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಫ್ ಮಾಡಿಸಿ, ಮತ್ತೆ ಸ್ಟಾರ್ಟ್ ಮಾಡಿಸಿ. ಸ್ಟಾರ್ಟ್ ಆಗಲು ಎಳೆದಾಡಿದರೆ ಸೀಲುಗಳ ಕತೆ ಮುಗಿಯುತ್ತಾ ಬಂದಿದೆ ಅಂತ ಅನುಮಾನಿಸಿ. ರೋಟರಿಗೇ ಮಾಡಿದ ಮೀಟರಿನಲ್ಲಿ ಕಂಪ್ರೆಷನ್ (ಎಂಜಿನ್ ಒಳಗಿನ ಒತ್ತಡ) ಅಳೆದ ಚೀಟಿ ಕೇಳಿ, ಎರಡೂ ರೋಟರಿನ ಮೂರು ಮೂರು ಅಂಕಿ ಅದರಲ್ಲಿರಬೇಕು. ಚೀಟಿ ಇಲ್ಲ ಅಂದರೆ, ಬೆಲೆ ಎಷ್ಟೇ ಕಡಿಮೆ ಇರಲಿ, ಮುಂದಿನ ಗಾಡಿ ನೋಡಿ.