ತೊಡೆ ಮೇಲೆ ಕೂರುವ ಪೊಶಾಡ್ ಪೆಟ್ಟಿಗೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಈಸೆಲ್ (ಚಿತ್ರ ಬರೆಯುವ ಸ್ಟ್ಯಾಂಡ್) ನಿಲ್ಲಿಸಿದರೆ ವಾಕಿಂಗ್ ಬರುವವರಿಗೆ ಅಡ್ಡ. ಅದಕ್ಕೇ ಈ ಪೊಶಾಡ್ ಪೆಟ್ಟಿಗೆ, ಅಂದರೆ ಹೊರಗೆ ಕೂತು ಚಿತ್ರ ಬರೆಯುವ ಪುಟ್ಟ ಬಣ್ಣದ ಪೆಟ್ಟಿಗೆ, ತರಿಸಿಕೊಂಡೆ. ಮುಚ್ಚಳಕ್ಕೆ 6×8 ಇಂಚಿನ ಬೋರ್ಡ್ ಸಿಕ್ಕಿಸಬಹುದು, ಕೆಳಗೆ ಬಣ್ಣ ಬೆರೆಸುವ ಪ್ಯಾಲೆಟ್. ತೊಡೆ ಮೇಲಿಟ್ಟುಕೊಂಡರೆ ಕೆಲಸ ಶುರು.

ನನಗೆ ತುಂಬಾ ಹಿಡಿಸಿದ್ದು ಮುಚ್ಚಳದ ಒಳಗಿನ ಸಂದುಗಳು. ಎರಡು ಹಸಿ ಬೋರ್ಡುಗಳನ್ನು ಒಂದಕ್ಕೊಂದು ತಾಗದ ಹಾಗೆ ತೂರಿಸಿ ಮನೆಗೆ ತರಬಹುದು. ಎಣ್ಣೆ ಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ಬೇಗ ಆರುತ್ತದೆ. ಟೈಟಾನಿಯಂ ವೈಟ್ ದಿನಗಟ್ಟಲೆ ಅಂಟಂಟು. ಆಕಾಶಕ್ಕೆ ವೈಟೇ ಜಾಸ್ತಿ ಬೇಕಲ್ವಾ? ಈ ಸಂದು ಇಲ್ಲದಿದ್ದರೆ ಮೋಡವೆಲ್ಲ ಬ್ಯಾಗಿನ ಪಾಲು.

ಹಿಂಜ್ ಮಾತ್ರ ಸಡಿಲ. ಗಾಳಿ ಬೀಸಿದರೆ ಮುಚ್ಚಳ ಹಿಂದಕ್ಕೆ ವಾಲುತ್ತಿತ್ತು. ವಾಷರ್ ಹಾಕಿ ಬಿಗಿ ಮಾಡಿದ ಮೇಲೆ ಪರವಾಗಿಲ್ಲ. ಈ ಬೆಲೆಗೆ ಮಾರುವವರೇ ಅದನ್ನು ಹಾಕಬಹುದಿತ್ತು.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821–22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಹೊರಗೇ ಕೂತು ಮೋಡಗಳನ್ನು ಕಾಗದದ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದರು. ಹಲವದರ ಹಿಂಬದಿ ಹೊತ್ತು, ಗಾಳಿ ಎಲ್ಲ ಗುರುತು ಹಾಕಿದ್ದಾರೆ. ನಾನೂ ಹಾಗೇ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಮನೆಯಲ್ಲಿ ದೊಡ್ಡ ಕ್ಯಾನ್ವಾಸ್ ಮಾಡುವಾಗ ಫೋಟೋಗಿಂತ ಈ ಪುಟ್ಟ ಚಿತ್ರವೇ ಉಪಯೋಗ. ಫೋನಿನಲ್ಲಿ ಮರದ ನೆರಳು ಬರೀ ಕಪ್ಪು, ಸ್ಥಳದಲ್ಲೇ ಬರೆದ ಸ್ಟಡಿಯಲ್ಲಿ ಅದು ನೇರಳೆ.

ನಿಂತು ಬರೆಯುವವರು ಟ್ರೈಪಾಡ್ ಕೂರಿಸುವ ಮಾಡೆಲ್ ನೋಡಿ. ಇದಕ್ಕೆ ಅದಿಲ್ಲ.