ಡಾಟ್‌ನೆಟ್‌ನ ಐದು ಟೈಮರ್‌ಗಳು: ವೇ ಬ್ರಿಡ್ಜ್‌ನಲ್ಲಿ ಪೆಟ್ಟು ತಿಂದವನ ರಿವ್ಯೂ

ದಾವಣಗೆರೆ ಕಡೆಯ ಒಂದು ವೇ ಬ್ರಿಡ್ಜ್. ಮೆಕ್ಕೆಜೋಳದ ಲಾರಿ ಬಂದು ನಿಂತಿದೆ. ತೂಕದ ಮೆಷಿನ್ ಮೇಲೆ ಕೆಂಪು ಅಂಕಿಯಲ್ಲಿ 12480 ಅಂತ ಇದೆ, ಪಕ್ಕದ ಕಂಪ್ಯೂಟರ್‌ನಲ್ಲಿ 480. ತೂಕ ಹಾಕುವ ಹುಡುಗ ಕಂಪ್ಯೂಟರ್ ನಂಬಿ ಚೀಟಿ ಪ್ರಿಂಟ್ ಹೊಡೆದ. ಡ್ರೈವರ್ ಅದನ್ನು ನೋಡಿ, "ಏನಪ್ಪಾ, ನನ್ನ ಲಾರಿ ಎಮ್ಮೆಗಿಂತ ಹಗುರ ಆತೇನು?" ಅಂದನಂತೆ. ಆ ಸಾಫ್ಟ್‌ವೇರ್ ಬರೆದವನು ನಾನೇ. ತಪ್ಪು ಮೆಷಿನ್‌ದೂ ಅಲ್ಲ, ಕೇಬಲ್‌ದೂ ಅಲ್ಲ. ನಿಗದಿತ ಸಮಯಕ್ಕೊಮ್ಮೆ ನಮ್ಮ ಕೋಡನ್ನು ಬಡಿದೆಬ್ಬಿಸುವ ಟೈಮರನ್ನು ನಾನು ಇಟ್ಟ ರೀತಿಯದು.

ಹಾಗಾಗಿ ಈ ರಿವ್ಯೂ. ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನಲ್ಲಿ ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯುವವರ ಕೈಗೆ ಸಾಮಾನ್ಯವಾಗಿ ಸಿಗುವ ಟೈಮರ್‌ಗಳು ಐದು. ಅದರಲ್ಲಿ ಮೂರಕ್ಕೆ ಹೆಸರು ಒಂದೇ, ಬರೀ ಟೈಮರ್. ಒಂದು ವಿಂಡೋಸ್ ಫಾರ್ಮ್ಸ್ ಮನೆಯದು, ಒಂದು ಸಿಸ್ಟಮ್ ಟೈಮರ್ಸ್ ಮನೆಯದು, ಇನ್ನೊಂದು ಸಿಸ್ಟಮ್ ಥ್ರೆಡಿಂಗ್ ಮನೆಯದು. ಒಂದೇ ಬೀದಿಯಲ್ಲಿ ಮೂರು ಜನ ಮಂಜುನಾಥ ಇದ್ದ ಹಾಗೆ, ಯಾರನ್ನು ಕರೆದೆವು ಅಂತ ನಮಗೇ ಗೊತ್ತಾಗದೆ ಇನ್ನೊಬ್ಬ ತಿರುಗಿ ನೋಡುತ್ತಾನೆ. ಉಳಿದ ಎರಡು ಡಿಸ್ಪ್ಯಾಚರ್‌ಟೈಮರ್ ಮತ್ತು ಪೀರಿಯಾಡಿಕ್‌ಟೈಮರ್. ಎಷ್ಟು ಮಿಲಿಸೆಕೆಂಡ್ ನಿಖರ ಅನ್ನೋದನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ನಾನು ನೋಡುವುದು ಎರಡೇ: ಬಡಿದಾಗ ನನ್ನ ಕೋಡ್ ಯಾವ ಥ್ರೆಡ್‌ನಲ್ಲಿ (ಪ್ರೋಗ್ರಾಮ್ ಒಳಗೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಸಾಲುಗಳಲ್ಲಿ ಯಾವುದರಲ್ಲಿ) ಓಡುತ್ತದೆ, ನಿಲ್ಲು ಅಂದಾಗ ಅದು ನಿಜವಾಗಿ ನಿಲ್ಲುತ್ತದಾ.

ನನ್ನ ಕೆಲಸ ದೊಡ್ಡದೇನಲ್ಲ. ತೂಕದ ಮೆಷಿನ್‌ನಿಂದ ಸೀರಿಯಲ್ ಕೇಬಲ್ ಬರುತ್ತದೆ. ಅರ್ಧ ಸೆಕೆಂಡಿಗೊಮ್ಮೆ ಮೆಷಿನ್‌ಗೆ 'ತೂಕ ಎಷ್ಟು' ಅಂತ ಕೇಳಬೇಕು, ಉತ್ತರದ ಸಾಲನ್ನು ಓದಬೇಕು, ದೊಡ್ಡ ಅಕ್ಷರದ ಲೇಬಲ್‌ನಲ್ಲಿ ತೋರಿಸಬೇಕು. ಸೀರಿಯಲ್ ಪೋರ್ಟ್‌ಗೆ ಡೇಟಾ ಬಂದಾಗ ತಾನೇ ಕೂಗುವ ಡೇಟಾರಿಸೀವ್ಡ್ ಇವೆಂಟ್ ಇದೆಯಲ್ಲ, ಟೈಮರ್ ಯಾಕೆ ಅಂತ ಕೇಳುತ್ತೀರಿ. ಈ ಮೆಷಿನ್ ತಾನಾಗಿ ಬಾಯಿ ಬಿಡುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತದೆ. ಅದೂ ಲಾರಿ ಅಲುಗಾಡುವುದು ನಿಂತ ಮೇಲೆ.

ಮೊದಲು ಹಾಕಿದ್ದು ಫಾರ್ಮ್ಸ್ ಟೈಮರ್. ಟೂಲ್‌ಬಾಕ್ಸ್‌ನಿಂದ ಎಳೆದು ಫಾರ್ಮ್ (ಅಪ್ಲಿಕೇಶನ್‌ನ ಕಿಟಕಿ) ಮೇಲೆ ಬಿಟ್ಟರೆ ಆಯಿತು. ಇದು ವಿಂಡೋಸ್‌ನ ಹಳೆಯ ಟೈಮರ್ ಮೆಸೇಜ್ ಮೇಲೆ ನಡೆಯುತ್ತದೆ, ಟಿಕ್, ಅಂದ್ರೆ ಅದರ ಬಡಿತ, ಬರುವುದು ಕಿಟಕಿ, ಬಟನ್‌ಗಳನ್ನು ನೋಡಿಕೊಳ್ಳುವ ಯುಐ ಥ್ರೆಡ್‌ನಲ್ಲೇ. ಹಾಗಾಗಿ ಲೇಬಲ್ ಮುಟ್ಟೋಕೆ ಭಯವಿಲ್ಲ, ಒಂದು ಸಲಕ್ಕೆ ಒಬ್ಬರನ್ನೇ ಒಳಗೆ ಬಿಡುವ ಲಾಕ್ ಬೇಡ, ಯುಐ ಥ್ರೆಡ್‌ಗೆ ಕೆಲಸ ಕಳಿಸುವ ಇನ್ವೋಕ್ ಬೇಡ. ನಿಖರತೆ 55 ಮಿಲಿಸೆಕೆಂಡ್ ಅಷ್ಟೇ ಅಂತ ಮೈಕ್ರೋಸಾಫ್ಟ್‌ನ ದಾಖಲೆಯಲ್ಲೇ ಬರೆದಿದ್ದಾರೆ. ತೂಕ ತೋರಿಸೋಕೆ ಅದು ಧಾರಾಳ. ಆದರೆ ನಾನು ಟಿಕ್ ಒಳಗೇ, ಉತ್ತರದ ಸಾಲು ಓದುವ ರೀಡ್‌ಲೈನ್ ಕರೆದೆ. ಎಷ್ಟು ಹೊತ್ತು ಕಾಯಬೇಕು ಅನ್ನುವ ಸೀರಿಯಲ್ ಪೋರ್ಟ್‌ನ ರೀಡ್‌ಟೈಮ್‌ಔಟ್ ನಾವು ಹೇಳದಿದ್ದರೆ ಅನಂತ. ಮೆಷಿನ್ ಆಫ್ ಆಗಿದ್ದರೆ ಉತ್ತರ ಬರುವವರೆಗೂ ಕಾಯುತ್ತದೆ, ಅಂದ್ರೆ ಬರುವುದೇ ಇಲ್ಲ. ಕಿಟಕಿ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್'. ಟೈಮ್‌ಔಟ್ ಎರಡು ಸೆಕೆಂಡ್ ಮಾಡಿದೆ. ಆಗ ಎರಡೆರಡು ಸೆಕೆಂಡ್ ಕಂತಿನಲ್ಲಿ ಹೆಪ್ಪುಗಟ್ಟಿತು.

ಯುಐ ಥ್ರೆಡ್‌ನಲ್ಲೇ ಇದ್ದೀವಿ, ಒಂದರ ಮೇಲೊಂದು ಬೀಳುವ ಪ್ರಶ್ನೆ ಇಲ್ಲ ಅಂದುಕೊಳ್ಳಬೇಡಿ. ಟಿಕ್ ಒಳಗೆ 'ಮೆಷಿನ್ ಸಿಗುತ್ತಿಲ್ಲ' ಅಂತ ಮೆಸೇಜ್‌ಬಾಕ್ಸ್ ಹಾಕಿದ್ದೆ. ಮೆಸೇಜ್‌ಬಾಕ್ಸ್ ತೆರೆದಿರುವಾಗಲೂ ಅದು ತನ್ನದೇ ಮೆಸೇಜ್ ಲೂಪ್ ನಡೆಸುತ್ತಿರುತ್ತದೆ, ಟೈಮರ್ ಬಡಿಯುತ್ತಲೇ ಇರುತ್ತದೆ. ಟೈಮರ್ ನಿಲ್ಲಿಸದೆ ಬಾಕ್ಸ್ ತೋರಿಸಿದರೆ ಇನ್ನೊಂದು ಬಾಕ್ಸ್, ಅದರ ಮೇಲೆ ಮತ್ತೊಂದು. ಹುಡುಗ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪರದೆ ತುಂಬ ಬಾಕ್ಸ್, ಒಂದೊಂದಕ್ಕೂ ಓಕೆ ಒತ್ತುತ್ತಾ ಕೂತಿದ್ದ ಪಾಪ. ಗಡಿಯಾರ ತೋರಿಸೋಕೆ, ಬಟನ್ ಮಿನುಗಿಸೋಕೆ ಈ ಟೈಮರ್‌ಗೆ ಐದಕ್ಕೆ ಐದು. ಕಾಯುವ ಕೆಲಸಕ್ಕೆ ಒಂದು.

ಎರಡನೆಯದು ಸಿಸ್ಟಮ್ ಟೈಮರ್ಸ್ ಮನೆಯ ಟೈಮರ್. ಎಲಾಪ್ಸ್ಡ್ ಅನ್ನುವ ಇವೆಂಟ್ ಹಿನ್ನೆಲೆ ಕೆಲಸಕ್ಕೆ ಇರುವ ಥ್ರೆಡ್‌ಪೂಲ್‌ನ ಯಾವುದೋ ಒಂದು ಥ್ರೆಡ್‌ನಲ್ಲಿ ಬರುತ್ತದೆ. ಕಿಟಕಿ ಇನ್ನು ಹೆಪ್ಪುಗಟ್ಟುವುದಿಲ್ಲ, ಖುಷಿ. ಎಫ್5 ಒತ್ತಿ, ಅಂದ್ರೆ ತಪ್ಪು ಹುಡುಕುವ ಡಿಬಗರ್ ಜೊತೆಗೆ, ಓಡಿಸಿದೆ. ಲೇಬಲ್ ಸೊನ್ನೆಯಲ್ಲೇ ನಿಂತಿದೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಏನೂ ಇಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಸಂಜೆ ಹೊತ್ತಿಗೆ ಔಟ್‌ಪುಟ್ ವಿಂಡೋದ ಮೂಲೆಯಲ್ಲಿ ಇನ್‌ವ್ಯಾಲಿಡ್ ಆಪರೇಶನ್ ಎಕ್ಸೆಪ್ಶನ್ (ಕೋಡ್ ಓಡುವಾಗ ಎಸೆಯುವ ಎರರ್) ಅಂತ ಸಾಲುಸಾಲಾಗಿ ಬೀಳುತ್ತಿರುವುದು ಕಂಡಿತು. ಬೇರೆ ಥ್ರೆಡ್‌ನಿಂದ ಲೇಬಲ್ ಮುಟ್ಟಿದ್ದಕ್ಕೆ ಬೈಗುಳ ಅದು. ಈ ಟೈಮರ್ ಮಾತ್ರ ಎಲಾಪ್ಸ್ಡ್ ಒಳಗಿನ ಎಕ್ಸೆಪ್ಶನ್‌ಗಳನ್ನೆಲ್ಲ ಸದ್ದಿಲ್ಲದೆ ನುಂಗಿಬಿಡುತ್ತದೆ. ದಾಖಲೆಯಲ್ಲಿ ಹಾಗೇ ಬರೆದಿದ್ದಾರೆ, ಓದದವನು ನಾನು. ಇದನ್ನು ಬಳಸುವುದಾದರೆ ಎಲಾಪ್ಸ್ಡ್ ಒಳಗೆ ಮೊದಲ ಸಾಲೇ ಎಕ್ಸೆಪ್ಶನ್ ಹಿಡಿಯುವ ಟ್ರೈ ಆಗಿರಲಿ, ಕ್ಯಾಚ್‌ನಲ್ಲಿ ಲಾಗ್ ಫೈಲ್‌ಗೆ ಬರೆಯಿರಿ.

ಇನ್ನೂ ತಮಾಷೆ ಅಂದ್ರೆ, ಅದೇ ಎಕ್ಸ್‌ಇ ಫೈಲನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ಓಡಿಸಿದರೆ ತೂಕ ಸರಿಯಾಗಿ ಬರುತ್ತಿತ್ತು! ಬೇರೆ ಥ್ರೆಡ್ ಕಂಟ್ರೋಲ್ ಮುಟ್ಟಿದೆಯಾ ಅಂತ ನೋಡುವ ಕಾವಲು ಡಿಬಗರ್ ಜೊತೆಗಿದ್ದಾಗ ಮಾತ್ರ ತಾನಾಗಿ ಎಚ್ಚರವಿರುತ್ತದೆ. ಡಿಬಗರ್ ಇಲ್ಲದಾಗ ಕಾವಲುಗಾರ ಇಲ್ಲ, ಕಳ್ಳತನ ಮಾತ್ರ ನಡೆಯುತ್ತಿದೆ. ಆ ಕಾವಲಿನ ಸ್ವಿಚ್ ಆದ ಚೆಕ್‌ಫಾರ್‌ಇಲ್ಲೀಗಲ್‌ಕ್ರಾಸ್‌ಥ್ರೆಡ್‌ಕಾಲ್ಸ್ ಅನ್ನು ಫಾಲ್ಸ್ ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದು ಹೊಗೆ ಬಂದಾಗ ಅಲಾರಂನ ವೈರು ಕಿತ್ತ ಹಾಗೆ. ನಾನು ಕೆಲಸ ಕಳಿಸಿ ಕಾಯದೆ ಮುಂದೆ ಹೋಗುವ ಬಿಗಿನ್‌ಇನ್ವೋಕ್ ಹಾಕಿ, ಲೇಬಲ್ ಬದಲಿಸುವ ಸಾಲನ್ನು ಮಾತ್ರ ಯುಐ ಥ್ರೆಡ್‌ಗೆ ಕಳಿಸಿದೆ. ಎಲ್ಲ ಚೆನ್ನಾಗಿ ನಡೆಯಿತು.

ಆಮೇಲೆ ಬಂತು ಎಮ್ಮೆ.

ಈ ಟೈಮರ್‌ನ ಆಟೋರೀಸೆಟ್ ಮೊದಲಿನಿಂದಲೇ ಟ್ರೂ. ಹಿಂದಿನ ಕೆಲಸ ಮುಗಿದಿದೆಯಾ ಅಂತ ಅದು ಕೇಳುವುದಿಲ್ಲ, ಸಮಯಕ್ಕೆ ಸರಿಯಾಗಿ ಇನ್ನೊಂದು ಥ್ರೆಡ್‌ನಲ್ಲಿ ಮತ್ತೆ ಬಡಿಯುತ್ತದೆ. ಲಾರಿ ಅಲುಗಾಡುತ್ತಿದ್ದರೆ ಮೆಷಿನ್ ಉತ್ತರಕ್ಕೆ ಒಂದೂವರೆ ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ನನ್ನ ಟೈಮರ್ ಅರ್ಧ ಸೆಕೆಂಡಿನದು. ಅಷ್ಟರಲ್ಲಿ ಮೂರು ಥ್ರೆಡ್ ಒಂದೇ ಪೋರ್ಟ್ ಮುಂದೆ ಬಾಯಿ ತೆರೆದು ನಿಂತಿವೆ. ಉತ್ತರ ಬಂದಾಗ ಒಂದರ ಬಾಯಿಗೆ 12 ಬಿತ್ತು, ಇನ್ನೊಂದರ ಬಾಯಿಗೆ 480. ಎರಡೂ ಅಂಕಿಗಳೇ, ಎರಡೂ ಲೇಬಲ್‌ಗೆ ಹೋದವು, ಕೊನೆಗೆ ಹೋದದ್ದು ಉಳಿಯಿತು. ಆಫೀಸಿನಲ್ಲಿ ನಾನು ಪರೀಕ್ಷೆ ಮಾಡಿದ್ದು ತಕ್ಷಣ ಉತ್ತರ ಕೊಡುವ ನಕಲಿ ಮೆಷಿನ್ ಜೊತೆ. ಅಲ್ಲಿ ಲಾರಿ ಎಲ್ಲಿ ಅಲುಗಾಡಬೇಕು?

ಲಾಕ್ ಹಾಕಿದರೆ ಸರಿಹೋಗುತ್ತದೆ ಅನ್ನಿಸುತ್ತದೆ, ಅಲ್ವಾ? ಪೂರ್ತಿ ಹೋಗುವುದಿಲ್ಲ. ಲಾಕ್ ಮುಂದೆ ಥ್ರೆಡ್‌ಗಳು ರೇಷನ್ ಅಂಗಡಿ ಸರತಿ ಥರ ನಿಲ್ಲುತ್ತವೆ, ಮೆಷಿನ್ ನಿಧಾನವಾದಷ್ಟೂ ಸರತಿ ಉದ್ದ. ಲಾಕ್ ಸಿಗದಿದ್ದರೆ ಈ ಸಲ ಬಿಟ್ಟುಬಿಡು ಅಂತ ಮಾನಿಟರ್ ಟ್ರೈಎಂಟರ್ ಬಳಸಬಹುದು. ನನಗೆ ಇಷ್ಟವಾದದ್ದು ಇನ್ನೂ ಸರಳ: ಆಟೋರೀಸೆಟ್ ಫಾಲ್ಸ್ ಮಾಡಿ, ಕೆಲಸ ಮುಗಿದ ಮೇಲೆ, ಏನೇ ಆದರೂ ಕೊನೆಗೆ ಓಡುವ ಫೈನಲಿ ಒಳಗೆ ನಾವೇ ಸ್ಟಾರ್ಟ್ ಕರೆಯುವುದು. ಫೈನಲಿ ಒಳಗೇ ಇರಬೇಕು, ಇಲ್ಲದಿದ್ದರೆ ಒಂದು ಎಕ್ಸೆಪ್ಶನ್ ಬಂದ ದಿನ ಟೈಮರ್ ಶಾಶ್ವತವಾಗಿ ಮಲಗುತ್ತದೆ. ಸ್ಟಾಪ್ ಕರೆದ ಮೇಲೂ ಆಗಲೇ ಹೊರಟ ಎಲಾಪ್ಸ್ಡ್ ಒಂದು ಬರಬಹುದು, ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ. ಸಿಂಕ್ರೊನೈಸಿಂಗ್‌ಆಬ್ಜೆಕ್ಟ್ ಅನ್ನುವ ಪ್ರಾಪರ್ಟಿಗೆ ಫಾರ್ಮ್ ಕೊಟ್ಟರೆ ಎಲಾಪ್ಸ್ಡ್ ಯುಐ ಥ್ರೆಡ್‌ಗೇ ಬರುತ್ತದೆ. ಆದರೆ ಆಗ ಅದು ಜಾಸ್ತಿ ಹೆಸರಿಟ್ಟುಕೊಂಡ ಫಾರ್ಮ್ಸ್ ಟೈಮರ್ ಅಷ್ಟೇ, ರೀಡ್‌ಲೈನ್ ಮತ್ತೆ ಕಿಟಕಿಯನ್ನು ಹೆಪ್ಪುಗಟ್ಟಿಸುತ್ತದೆ. ಐದಕ್ಕೆ ಎರಡೂವರೆ.

ಮೂರನೆಯದು ಥ್ರೆಡಿಂಗ್ ಮನೆಯದು. ಇದು ಬರಿಮೈಯವನು, ಅಲಂಕಾರ ಇಲ್ಲ. ಎಕ್ಸೆಪ್ಶನ್ ನುಂಗುವುದಿಲ್ಲ, ಹಿಡಿಯದಿದ್ದರೆ ಇಡೀ ಪ್ರೋಗ್ರಾಮ್ ಬೀಳಿಸುತ್ತದೆ. ನನಗೆ ಅದು ಗುಣವೇ. ಇದರಲ್ಲಿ ಸಿಕ್ಕಿಬಿದ್ದದ್ದು ಬೇರೆ ಕಡೆ. ಫಾರ್ಮ್ ಲೋಡ್ ಒಳಗೆ ಲೋಕಲ್ ವೇರಿಯಬಲ್‌ನಲ್ಲಿ ಟೈಮರ್ ಮಾಡಿ ಬಿಟ್ಟೆ. ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತಿತು. ಯಾರೂ ಹಿಡಿದುಕೊಂಡಿಲ್ಲದ ಟೈಮರನ್ನು, ಅದು ಓಡುತ್ತಿದ್ದರೂ, ಬೇಡವಾದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಗುಡಿಸಿಕೊಂಡು ಹೋಗಬಹುದು. ಫಾರ್ಮ್‌ನ ಫೀಲ್ಡ್‌ನಲ್ಲಿ ಇಟ್ಟುಕೊಳ್ಳಿ, ಅಷ್ಟೇ ಮದ್ದು. ಪೀರಿಯಡ್ ಜಾಗಕ್ಕೆ ಟೈಮ್‌ಔಟ್ ಇನ್‌ಫೈನೈಟ್ ಕೊಟ್ಟು, ಪ್ರತಿ ಸಲ ಕೆಲಸದ ಕೊನೆಗೆ ಚೇಂಜ್ ಕರೆದು ಮುಂದಿನ 500 ಮಿಲಿಸೆಕೆಂಡ್‌ಗೆ ಕೀ ಕೊಟ್ಟರೆ ಒಂದರ ಮೇಲೊಂದು ಬೀಳುವ ಮಾತೇ ಇಲ್ಲ.

ಫಾರ್ಮ್ ಮುಚ್ಚುವ ಕಥೆ ಸ್ವಲ್ಪ ಉದ್ದ, ಹೇಳಲೇಬೇಕು. ಡಿಸ್ಪೋಸ್ ಕರೆದ ತಕ್ಷಣ ಟೈಮರ್ ಸತ್ತಿತು ಅಂದುಕೊಳ್ಳುತ್ತೇವೆ. ಆಗಲೇ ಒಳಗೆ ಓಡುತ್ತಿರುವ ಕಾಲ್‌ಬ್ಯಾಕ್ (ಟೈಮರ್ ಬಡಿದಾಗ ಓಡುವ ನಮ್ಮ ಕೋಡ್) ಓಡುತ್ತಲೇ ಇರುತ್ತದೆ, ಮುಚ್ಚಿಹೋದ ಫಾರ್ಮ್‌ನ ಲೇಬಲ್ ಹುಡುಕಿಕೊಂಡು ಬಂದು ಆಬ್ಜೆಕ್ಟ್ ಡಿಸ್ಪೋಸ್ಡ್ ಎಕ್ಸೆಪ್ಶನ್ ಎಸೆಯುತ್ತದೆ. ಸರಿ, ಅದು ಮುಗಿಯುವವರೆಗೆ ಕಾಯೋಣ ಅಂತ ಡಿಸ್ಪೋಸ್‌ಗೆ ಒಂದು ವೇಟ್‌ಹ್ಯಾಂಡಲ್ ಕೊಟ್ಟು ಫಾರ್ಮ್‌ಕ್ಲೋಸಿಂಗ್‌ನಲ್ಲಿ ವೇಟ್‌ಒನ್ ಹಾಕಿದೆ. ಆ ಆವೃತ್ತಿಯ ಕಾಲ್‌ಬ್ಯಾಕ್‌ನಲ್ಲಿ ನಾನು ಬಿಗಿನ್‌ಇನ್ವೋಕ್ ಬದಲು ಇನ್ವೋಕ್ ಬರೆದಿದ್ದೆ. ಯುಐ ಥ್ರೆಡ್ ಕಾಲ್‌ಬ್ಯಾಕ್ ಮುಗಿಯಲಿ ಅಂತ ಕಾಯುತ್ತಿದೆ, ಕಾಲ್‌ಬ್ಯಾಕ್ ಯುಐ ಥ್ರೆಡ್ ಬಿಡುವಾಗಲಿ ಅಂತ ಕಾಯುತ್ತಿದೆ. ಅವನು ಉಣ್ಣಲಿ ಅಂತ ಇವನು, ಇವನು ಉಣ್ಣಲಿ ಅಂತ ಅವನು, ಅನ್ನ ಆರಿಹೋಯಿತು. ಹುಡುಗ ಪ್ರತಿದಿನ ರಾತ್ರಿ ಮುಚ್ಚುವಾಗ ಟಾಸ್ಕ್ ಮ್ಯಾನೇಜರ್‌ನಿಂದ ಸಾಯಿಸುತ್ತಿದ್ದ, ನನಗೆ ಹೇಳಿದ್ದು ಎರಡು ವಾರದ ಮೇಲೆ. "ಹಂಗೇ ಮುಚ್ಚಬೇಕೇನೋ ಅಂದ್ಕೊಂಡೆ ಸಾರ್" ಅಂದ.

ಈಗ ಹೀಗೆ ಮಾಡುತ್ತೇನೆ. ಕಾಲ್‌ಬ್ಯಾಕ್‌ನಿಂದ ಬಿಗಿನ್‌ಇನ್ವೋಕ್ ಮಾತ್ರ, ಉತ್ತರಕ್ಕೆ ಕಾಯುವ ಇನ್ವೋಕ್ ಇಲ್ಲ. ಫಾರ್ಮ್‌ಕ್ಲೋಸಿಂಗ್ ಮೊದಲ ಸಲ ಬಂದಾಗ ಕ್ಯಾನ್ಸಲ್ ಟ್ರೂ ಮಾಡಿ ಮುಚ್ಚುವುದನ್ನು ತಡೆದು, ಬಟನ್‌ಗಳನ್ನು ಮಂಕು ಮಾಡಿ, ಟೈಮರ್‌ನ ಡಿಸ್ಪೋಸ್‌ಅಸಿಂಕ್‌ಗೆ ಅವೇಟ್ (ಥ್ರೆಡ್ ಕಟ್ಟಿಹಾಕದೆ ಕಾಯುವುದು) ಹಾಕುತ್ತೇನೆ. ಅದು ಮುಗಿದ ಮೇಲೆ ಒಂದು ಬಾವುಟ ಎತ್ತಿ ಮತ್ತೆ ಕ್ಲೋಸ್ ಕರೆಯುತ್ತೇನೆ. ಡಿಸ್ಪೋಸ್‌ಅಸಿಂಕ್ ಇರುವುದು ಡಾಟ್‌ನೆಟ್ ಕೋರ್ 3.0 ಆದಮೇಲೆ. ಥ್ರೆಡಿಂಗ್ ಟೈಮರ್‌ಗೆ ಐದಕ್ಕೆ ಮೂರೂವರೆ, ಅದೂ ತಾಳ್ಮೆ ಇದ್ದವರಿಗೆ.

ಡಿಸ್ಪ್ಯಾಚರ್‌ಟೈಮರ್, ಡಾಟ್‌ನೆಟ್‌ನಲ್ಲಿ ಕಿಟಕಿ ಕಟ್ಟುವ ಇನ್ನೊಂದು ವ್ಯವಸ್ಥೆಯಾದ ಡಬ್ಲ್ಯೂಪಿಎಫ್‌ನವರದು. ಫಾರ್ಮ್ಸ್ ಟೈಮರ್‌ನ ಅಣ್ಣನ ಮಗ, ಯುಐ ಥ್ರೆಡ್‌ನಲ್ಲೇ ಬಡಿಯುತ್ತದೆ. ಕಿಟಕಿ ಮುಚ್ಚಿದಾಗ ಸ್ಟಾಪ್ ಮಾಡದಿದ್ದರೆ ಬಡಿಯುತ್ತಲೇ ಇದ್ದು ಆ ಕಿಟಕಿಯನ್ನು ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. ನಾನು ಇದರಲ್ಲಿ ದೊಡ್ಡ ಕೆಲಸ ಮಾಡಿಲ್ಲ, ಅಂಕ ಕೊಡುವುದಿಲ್ಲ.

ಕೊನೆಯದು, ನನ್ನ ಮೆಚ್ಚಿನದು, ಪೀರಿಯಾಡಿಕ್‌ಟೈಮರ್. 2021ರ ನವೆಂಬರ್‌ನಲ್ಲಿ ಡಾಟ್‌ನೆಟ್ 6ರ ಜೊತೆ ಬಂತು. ಇದು ನಮ್ಮನ್ನು ಕರೆಯುವುದಿಲ್ಲ, ನಾವೇ ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಒಂದು ವೈಲ್ ಲೂಪ್, ಅದರ ತಲೆಯಲ್ಲಿ ವೇಟ್‌ಫಾರ್‌ನೆಕ್ಸ್ಟ್‌ಟಿಕ್‌ಅಸಿಂಕ್‌ಗೆ ಅವೇಟ್, ಒಳಗೆ ಮೆಷಿನ್ ಓದುವ ಕೆಲಸವನ್ನು ಹಿನ್ನೆಲೆ ಥ್ರೆಡ್‌ಗೆ ಕಳಿಸುವ ಟಾಸ್ಕ್ ರನ್‌ಗೆ ಕೊಟ್ಟು ಅದಕ್ಕೂ ಅವೇಟ್, ಮುಂದಿನ ಸಾಲಿನಲ್ಲಿ ಲೇಬಲ್‌ಗೆ ತೂಕ. ಲೂಪ್ ಶುರುವಾದದ್ದು ಯುಐ ಥ್ರೆಡ್‌ನಲ್ಲಾದರೆ ಪ್ರತಿ ಅವೇಟ್ ಆದಮೇಲೆ ವಾಪಸ್ ಬರುವುದೂ ಅಲ್ಲಿಗೇ, ಹಾಗಾಗಿ ಇನ್ವೋಕ್ ಅನ್ನುವ ಪದವೇ ನನ್ನ ಕೋಡ್‌ನಿಂದ ಮಾಯವಾಯಿತು. ಕಾನ್ಫಿಗರ್‌ಅವೇಟ್ ಫಾಲ್ಸ್ ಮಾತ್ರ ಈ ಲೂಪ್‌ನಲ್ಲಿ ಹಾಕಬೇಡಿ, ಹಾಕಿದರೆ ವಾಪಸ್ ಬರುವ ದಾರಿ ನೀವೇ ಮುಚ್ಚಿದ ಹಾಗೆ. ಓದುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಲೂಪ್ ಅಲ್ಲೇ ಇರುತ್ತದೆ, ನಡುವೆ ತಪ್ಪಿದ ಬಡಿತಗಳು ಸೇರಿ ಒಂದೇ ಬಡಿತ ಆಗುತ್ತದೆ. ಡಿಸ್ಪೋಸ್ ಮಾಡಿದರೆ ಫಾಲ್ಸ್ ಬಂದು ಲೂಪ್ ತಾನಾಗಿ ಮುಗಿಯುತ್ತದೆ. ಒಂದು ಟೈಮರ್ ಮುಂದೆ ಒಂದೇ ಲೂಪ್ ಕಾಯಬೇಕು, ಇಬ್ಬರು ಒಟ್ಟಿಗೆ ನಿಂತರೆ ಎಕ್ಸೆಪ್ಶನ್.

ಇದಕ್ಕೂ ದೂರುಗಳಿವೆ. ಲೂಪ್ ಒಳಗೆ ಟ್ರೈ ಹಾಕದಿದ್ದರೆ ಒಂದೇ ಒಂದು ಟೈಮ್‌ಔಟ್ ಎಕ್ಸೆಪ್ಶನ್‌ಗೆ ಲೂಪ್ ಮುಗಿದುಹೋಗುತ್ತದೆ, ಅದರ ಟಾಸ್ಕ್‌ಗೆ ಯಾರೂ ಅವೇಟ್ ಹಾಕಿಲ್ಲದಿದ್ದರೆ ಸತ್ತದ್ದೂ ಗೊತ್ತಾಗುವುದಿಲ್ಲ. ಐದಕ್ಕೆ ನಾಲ್ಕೂವರೆ.

ಅಂದಹಾಗೆ ಇದು ಡಾಟ್‌ನೆಟ್‌ನವರ ತಲೆನೋವು ಮಾತ್ರ ಅಲ್ಲ. ಜಾವಾದಲ್ಲೂ ಸ್ವಿಂಗ್ ಟೈಮರ್ ಯುಐ ಥ್ರೆಡ್‌ನಲ್ಲಿ ಬಡಿಯುತ್ತದೆ, ಯುಟಿಲ್ ಟೈಮರ್ ತನ್ನದೇ ಥ್ರೆಡ್‌ನಲ್ಲಿ. ಎರಡಕ್ಕೂ ಹೆಸರು ಮತ್ತೆ ಟೈಮರ್! ಎರಡನೆಯದರಲ್ಲಿ ಒಂದು ಕೆಲಸ ಎಕ್ಸೆಪ್ಶನ್ ಎಸೆದರೆ ಆ ಟೈಮರ್‌ನ ಉಳಿದ ಕೆಲಸಗಳೂ ನಿಲ್ಲುತ್ತವೆ.

ದಾವಣಗೆರೆಯ ಆ ಕಂಪ್ಯೂಟರ್‌ನಲ್ಲಿ ಈಗ ಡಾಟ್‌ನೆಟ್ 8, ಪೀರಿಯಾಡಿಕ್‌ಟೈಮರ್. ಇನ್ನೊಂದು ವೇ ಬ್ರಿಡ್ಜ್‌ನವರದು ಇನ್ನೂ ವಿಂಡೋಸ್ 7. "ನಡೀತಾ ಇದೆಯಲ್ಲ ಸಾರ್, ಯಾಕೆ ಬದಲಿಸಬೇಕು" ಅನ್ನುತ್ತಾರೆ ಮಾಲೀಕರು. ಅಲ್ಲಿ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ಮೇಲೆ ಆಟೋರೀಸೆಟ್ ಫಾಲ್ಸ್ ಮಾಡಿದ ಹಳೆಯ ಟೈಮರ್ ಓಡುತ್ತಿದೆ. ಜೊತೆಗೆ ಒಂದು ಸಣ್ಣ ತಪಾಸಣೆ ಸೇರಿಸಿದ್ದೇನೆ: ತೂಕ ಸಾವಿರ ಕಿಲೋಗಿಂತ ಕಡಿಮೆ ಬಂದರೆ ಚೀಟಿ ಪ್ರಿಂಟ್ ಆಗುವುದಿಲ್ಲ, ಮೆಷಿನ್‌ಗೆ ಇನ್ನೊಂದು ಸಲ ಕೇಳುತ್ತದೆ.